ಮೈಸೂರು ಸೀಮೆಯ ಬೇಸಗೆ: ಬಿಸಿಲು, ಸಿಡಿಲು ಮತ್ತು ಲೆಕ್ಕದ ಪುಸ್ತಕ

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ನಮ್ಮ ಪಟ್ಟಣಗಳಲ್ಲಿ ಪರಿಚಿತರಿಬ್ಬರು ಎದುರಾದರೆ, ಕುಶಲಪ್ರಶ್ನೆಗೂ ಮೊದಲು ಕೇಳಿಬರುವ ಮಾತು ಒಂದುಂಟು: “ಇಂಥ ಬಿಸಿಲನ್ನು ಹುಟ್ಟಿದಾರಭ್ಯ ಕಂಡಿಲ್ಲ.” ಹೋದ ವರ್ಷವೂ ಇದೇ ಮಾತನ್ನು ಆಡಿದ್ದೆವೆಂಬುದು ಹೇಳಿದವರಿಗೂ ನೆನಪಿಲ್ಲ, ಕೇಳಿದವರಿಗೂ ನೆನಪಿಲ್ಲ. ಅದು ಯಾರ ತಪ್ಪೂ ಅಲ್ಲ. ಸೆಕೆಯನ್ನು ನೆನಪಿಟ್ಟುಕೊಳ್ಳುವ ಶಕ್ತಿ ಮನುಷ್ಯನ ಮೈಗೆ ಇಲ್ಲ. ಮೊದಲ ಮಳೆಯ ನಾಲ್ಕು ಹನಿ ಬಿದ್ದು ಮಣ್ಣಿನ ವಾಸನೆ ಎದ್ದೊಡನೆಯೆ ಎರಡು ತಿಂಗಳ ಬೇಗೆಯನ್ನು ಅದು ಮರೆತುಬಿಡುತ್ತದೆ. ಆದುದರಿಂದ ಈ ವರ್ಷದ ಬಿಸಿಲು ಹಿಂದಿನದಕ್ಕಿಂತ ಹೆಚ್ಚೊ ಕಡಮೆಯೊ ಎಂದು ಮೈಯನ್ನು ಕೇಳಿ ಫಲವಿಲ್ಲ. ಮರೆಯದಿರುವ ಸಾಕ್ಷಿಯೊಂದನ್ನು ಕೇಳಬೇಕು. ಹವಾ ವೇಧಶಾಲೆಯ ಲೆಕ್ಕದ ಪುಸ್ತಕವೇ ಆ ಸಾಕ್ಷಿ. ನಮ್ಮ ಸೀಮೆಯ ಬೇಸಗೆಯ ಸ್ವಭಾವವೇನು, ಅದರ ಬೆನ್ನಿಗೇ ಬರುವ ಗುಡುಗು ಸಿಡಿಲುಗಳ ಮಳೆ ಹೇಗೆ ಹುಟ್ಟುತ್ತದೆ, ಇವನ್ನು ಜನರು ಎಂದಿನಿಂದ ಬರೆದಿಡುತ್ತ ಬಂದಿರುವರು, ಆ ಬರಹ ನಮಗೆ ಏನನ್ನು ತಿಳಿಸುತ್ತದೆ ಎಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ನೆಲದ ವಿಚಾರ. ಬೆಂಗಳೂರೂ ಮದರಾಸೂ ಹೆಚ್ಚು ಕಡಮೆ ಒಂದೇ ಅಕ್ಷಾಂಶದಲ್ಲಿವೆ; ಎರಡೂ ಸಮಭಾಜಕವೃತ್ತಕ್ಕೆ ಸುಮಾರು ೧೩ ಡಿಗ್ರಿ ಉತ್ತರದಲ್ಲಿರುವ ಊರುಗಳು. ಸೂರ್ಯನು ಎರಡರ ಮೇಲೂ ಪಕ್ಷಪಾತವಿಲ್ಲದೆ ಬಿಸಿಲನ್ನು ಸುರಿಸುತ್ತಾನೆ. ಆದರೂ ಬೇಸಗೆಯಲ್ಲಿ ಮದರಾಸಿನವರು ತಂಪನ್ನು ಅರಸಿಕೊಂಡು ಬೆಂಗಳೂರಿಗೆ ಬರುತ್ತಿದ್ದರೇ ಹೊರತು ಬೆಂಗಳೂರಿನವರು ಅಲ್ಲಿಗೆ ಹೋಗುತ್ತಿರಲಿಲ್ಲ. ಇದಕ್ಕೆ ಕಾರಣ ನೆಲದ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿಯೂ, ಮೈಸೂರು ಸುಮಾರು ೨೫೦೦ ಅಡಿಯೂ ಮೇಲಿವೆ. ಗಾಳಿಯು ಮೇಲೇರಿದಂತೆಲ್ಲ ಒತ್ತಡ ತಗ್ಗಿ ಹಿಗ್ಗುತ್ತದೆ, ಹಿಗ್ಗಿದಂತೆಲ್ಲ ತಣ್ಣಗಾಗುತ್ತದೆ. ಸರಾಸರಿಯ ಲೆಕ್ಕದಲ್ಲಿ ಒಂದು ಕಿಲೋಮೀಟರು ಏರಿದರೆ ಉಷ್ಣತೆಯು ಆರೂವರೆ ಸೆಂಟಿಗ್ರೇಡ್ ಡಿಗ್ರಿಗಳಷ್ಟು ಇಳಿಯುವುದು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಹಗಲಿನ ಗರಿಷ್ಠ ಉಷ್ಣತೆಯ ಸರಾಸರಿ ಸುಮಾರು ೩೪ ಡಿಗ್ರಿಯಲ್ಲಿ ನಿಲ್ಲುವುದಕ್ಕೆ ಈ ಎತ್ತರವೇ ಮುಖ್ಯ ಕಾರಣ. ಉತ್ತರಕ್ಕೆ ಸಾಗಿ, ತಗ್ಗಿನ ಕಪ್ಪು ಮಣ್ಣಿನ ಬಯಲಿಗೆ ಇಳಿದು, ರಾಯಚೂರು ಕಲಬುರಗಿಗಳನ್ನು ಸೇರಿದರೆ ೪೨, ೪೩ ಡಿಗ್ರಿಗಳ ಬಿಸಿಲು ಅಲ್ಲಿಯವರಿಗೆ ವಿಶೇಷವೇ ಅಲ್ಲ.

ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ೨೪ರ ಸುಮಾರಿನಲ್ಲಿ ಒಮ್ಮೆ, ಆಗಸ್ಟ್ ೧೮ರ ಸುಮಾರಿನಲ್ಲಿ ಇನ್ನೊಮ್ಮೆ. ಆ ದಿನಗಳ ಮಧ್ಯಾಹ್ನದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರದು. ಆಗಸ್ಟಿನಲ್ಲಿ ಮೋಡಗಳು ಕೊಡೆ ಹಿಡಿದಿರುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಏಪ್ರಿಲಿನಲ್ಲಿ ಆಕಾಶ ಬರಿದಾಗಿರುವುದರಿಂದ ಸುಡುತ್ತದೆ. ಉತ್ತರ ಹಿಂದೂಸ್ಥಾನದಲ್ಲಿ ಮೇ ತಿಂಗಳು ಕಳೆದು ಜೂನ್ ನಡುವಿನವರೆಗೂ ಬೇಗೆ ಏರುತ್ತಲೇ ಹೋಗುವುದು. ನಮ್ಮಲ್ಲಿ ಹಾಗಲ್ಲ, ಸಾಮಾನ್ಯವಾಗಿ ಏಪ್ರಿಲೇ ಅತ್ಯಂತ ಬಿಸಿಯಾದ ತಿಂಗಳು. ಮೇ ತಿಂಗಳಲ್ಲಿ ಸೂರ್ಯನು ಇನ್ನೂ ಎತ್ತರದಲ್ಲಿಯೇ ಇದ್ದರೂ ಸೆಕೆ ತಗ್ಗತೊಡಗುವುದು. ಹೀಗೆ ನಡುವೆ ಬಂದು ನಮ್ಮನ್ನು ಕಾಪಾಡುವುದು ಮುಂಗಾರಿಗೂ ಮುಂಚೆ ಬೀಳುವ ಗುಡುಗಿನ ಮಳೆ. ಈಗಿನ ಸರಾಸರಿಯಂತೆ ಬೆಂಗಳೂರಿಗೆ ಏಪ್ರಿಲಿನಲ್ಲಿ ಎರಡು ಅಂಗುಲಕ್ಕೆ ಮೇಲ್ಪಟ್ಟೂ, ಮೇ ತಿಂಗಳಲ್ಲಿ ಸುಮಾರು ಐದು ಅಂಗುಲವೂ ಮಳೆಯಾಗುವುದು.

ಈ ಮಳೆ ಹುಟ್ಟುವ ಬಗೆಯನ್ನು ತುಸು ವಿವರಿಸಬೇಕು. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಬಹು ಸ್ವಲ್ಪ; ಅದು ಕಾಯಿಸುವುದು ನೆಲವನ್ನು. ಕಾದ ನೆಲವು ತನ್ನನ್ನು ಮುಟ್ಟಿಕೊಂಡಿರುವ ಗಾಳಿಯನ್ನು ಕಾಯಿಸುವುದು. ಹೀಗೆ ಕಾದು ಹಗುರವಾದ ಗಾಳಿ ಮೇಲಕ್ಕೇಳುತ್ತದೆ. ಆದರೆ ಬರಿಯ ಒಣ ಗಾಳಿ ಎದ್ದರೆ ಧೂಳಿನ ಸುಳಿಯಲ್ಲದೆ ಮಳೆಯಾಗದು. ಬೇಸಗೆಯಲ್ಲಿ ನಮ್ಮ ಪ್ರಸ್ಥಭೂಮಿಯ ಮೇಲೆ ಬೇರೆ ಬೇರೆ ಗುಣದ ಗಾಳಿಗಳು ಸಂಧಿಸುತ್ತವೆ: ವಾಯವ್ಯದಿಂದ ಬರುವ ಒಣ ಗಾಳಿ ಒಂದು, ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರಗಳ ಕಡೆಯಿಂದ ನೀರಿನ ಆವಿಯನ್ನು ಹೊತ್ತುತರುವ ತೇವದ ಗಾಳಿ ಇನ್ನೊಂದು. ಇವು ಸಂಧಿಸುವ ಗೆರೆಯು ಅನೇಕ ದಿನಗಳಲ್ಲಿ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಒಳನಾಡನ್ನು ಹಾದು ದಕ್ಷಿಣಕ್ಕೆ ಚಾಚಿರುತ್ತದೆ. ತೇವದ ಗಾಳಿ ಆ ಗೆರೆಯ ಬಳಿ ಮೇಲಕ್ಕೇರಿ ತಣ್ಣಗಾದಾಗ ಅದರಲ್ಲಿದ್ದ ಆವಿ ನೀರಾಗುವುದು. ಆವಿ ನೀರಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಸುತ್ತಣ ಗಾಳಿ ಮತ್ತೆ ಬೆಚ್ಚಗಾಗಿ ಇನ್ನೂ ಮೇಲೇರುತ್ತದೆ. ಒಲೆಯ ಮೇಲಿನ ಹಾಲು ಉಕ್ಕುವಂತೆ ಮೋಡವು ತನ್ನ ಬಲದಿಂದ ತಾನೇ ಉಕ್ಕುತ್ತ, ಮಧ್ಯಾಹ್ನ ಎರಡು ಗಂಟೆಗೆ ಹತ್ತಿಯ ಹಿಂಜಿನಂತಿದ್ದುದು ಸಂಜೆ ನಾಲ್ಕರ ಹೊತ್ತಿಗೆ ಏಳೆಂಟು ಮೈಲಿ ಎತ್ತರದ ಕರಿಯ ಗೋಪುರವಾಗಿ ನಿಲ್ಲುತ್ತದೆ.

ಅಷ್ಟು ಎತ್ತರದಲ್ಲಿ ಎಲ್ಲವೂ ಹಿಮ. ಮೋಡದ ಒಳಗೆ ಗಾಳಿಯೊಡನೆ ಏರುವ ಹಿಮದ ಕಣಗಳೂ ಇಳಿಯುವ ಹಿಮದ ಕಣಗಳೂ ಒಂದನ್ನೊಂದು ತಿಕ್ಕಿ ವಿದ್ಯುತ್ತು ಬೇರ್ಪಡುತ್ತದೆ. ಅದು ಮೋಡದಿಂದ ಮೋಡಕ್ಕೊ ನೆಲಕ್ಕೊ ಹಾರುವುದೇ ಮಿಂಚು. ಅದು ಹಾದ ದಾರಿಯ ಗಾಳಿ ಕ್ಷಣಮಾತ್ರದಲ್ಲಿ ಸೂರ್ಯನ ಮೇಲ್ಮೈಗಿಂತ ಹೆಚ್ಚು ಬಿಸಿಯಾಗಿ ಸಿಡಿದು ಹಿಗ್ಗುವ ಸದ್ದೇ ಗುಡುಗು. ಮೇಲೇರುವ ಗಾಳಿಯು ಬಲವಾಗಿದ್ದರೆ ಹಿಮದ ಕಣವೊಂದು ನೆಲಕ್ಕೆ ಬೀಳಲಾರದೆ ಮೋಡದೊಳಗೇ ತೂಗಾಡುತ್ತ, ಪದರದ ಮೇಲೆ ಪದರ ಹೊದ್ದು ಆಲಿಕಲ್ಲಾಗುವುದು. ಕೊನೆಗೆ ಮಳೆಯ ಭಾರದಿಂದ ತಣ್ಣನೆಯ ಗಾಳಿ ರಭಸದಿಂದ ಕೆಳಕ್ಕೆ ಕುಸಿದು ನೆಲಕ್ಕೆ ಬಡಿದು ನಾಲ್ಕೂ ಕಡೆಗೆ ಹರಡುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿ ಕಿಟಕಿಗಳನ್ನು ಬಡಿದು ಬೀದಿಯ ಮರಗಳನ್ನು ಉರುಳಿಸುವ ಗಾಳಿ ಇದೇ. ವಂಗದೇಶದವರು ತಮ್ಮಲ್ಲಿ ಬೀಸುವ ಇಂಥ ಬಿರುಗಾಳಿಗೆ ಕಾಲವೈಶಾಖಿ ಎಂದು ಹೆಸರಿಟ್ಟಿರುವರು. ನಮ್ಮಲ್ಲಿ ಮಾವಿನ ಕಾಯಿ ಬಲಿಯುವ ಕಾಲದಲ್ಲಿ ಬರುವುದರಿಂದ ಇದನ್ನು ಮಾವಿನ ಮಳೆಯೆನ್ನುವರು. ಕೊಡಗು ಚಿಕ್ಕಮಗಳೂರುಗಳ ತೋಟದವರು ಹೂಮಳೆಯೆನ್ನುವರು. ಮಾರ್ಚಿ ಏಪ್ರಿಲುಗಳಲ್ಲಿ ಒಂದು ಅಂಗುಲದಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಕಾಫಿಯ ಗಿಡ ಬೆಳ್ಳಗೆ ಹೂವಿಡುತ್ತದೆ. ಬೀಳದಿದ್ದರೆ ಆ ವರ್ಷದ ಬೆಳೆಯೇ ಸಂದೇಹ.

ನಮ್ಮ ರೈತನು ಈ ಮಳೆಗಳಿಗೆ ತಿಂಗಳಿನ ಹೆಸರಿಡಲಿಲ್ಲ. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಅದರ ಹೆಸರನ್ನಿಟ್ಟನು. ಈಗಿನ ಲೆಕ್ಕದಲ್ಲಿ ಏಪ್ರಿಲ್ ನಡುವಿನಿಂದ ಅಶ್ವಿನಿ, ಅದರ ಕೊನೆಯ ವಾರದಿಂದ ಭರಣಿ, ಮೇ ೧೧ರ ಸುಮಾರಿನಿಂದ ಕೃತ್ತಿಕೆ, ೨೫ರ ಸುಮಾರಿನಿಂದ ರೋಹಿಣಿ. ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಕೇಳದವರಾರು? ಇದು ಅನೇಕ ತಲೆಮಾರುಗಳ ಅನುಭವವನ್ನು ನಾಲ್ಕು ಮಾತಿನಲ್ಲಿ ಕಟ್ಟಿಟ್ಟ ದಾಖಲೆಯೇ ಸರಿ. ಆದರೆ ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಸೂರ್ಯನು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಮರಳುವ ವರ್ಷವು, ಋತುಗಳು ಒಂದು ಸುತ್ತು ಬರುವ ವರ್ಷಕ್ಕಿಂತ ಸುಮಾರು ೨೦ ನಿಮಿಷ ಉದ್ದ. ಆದ ಕಾರಣ ಸುಮಾರು ೭೧ ವರ್ಷಗಳಿಗೆ ಒಂದು ದಿನದಂತೆ ನಕ್ಷತ್ರಗಳು ಋತುಗಳಿಂದ ಮುಂದಕ್ಕೆ ಸರಿಯುತ್ತಲಿವೆ. ಒಂದು ಸಾವಿರ ವರ್ಷಕ್ಕೆ ಇದು ಹದಿನಾಲ್ಕು ದಿನ, ಎಂದರೆ ಪೂರ್ತಿ ಒಂದು ಮಳೆ. ಯಾವುದಾದರೂ ಗಾದೆ ಸಾವಿರ ವರ್ಷದ್ದಾಗಿದ್ದರೆ, ಆಗ ಭರಣಿಯೆನಿಸಿದ್ದ ಹವೆ ಈಗ ಅಶ್ವಿನಿಯ ಕಾಲದಲ್ಲಿ ಬರಬೇಕು. ಗಾದೆ ಸುಳ್ಳಾಯಿತೆಂದು ಹಳಿಯುವುದಕ್ಕೆ ಮುಂಚೆ ಅದರ ವಯಸ್ಸನ್ನು ವಿಚಾರಿಸುವುದು ನ್ಯಾಯ.

ಕನ್ನಡದಲ್ಲಿ ಈ ವಿಷಯಕ್ಕೇ ಮೀಸಲಾದ ಗ್ರಂಥವೂ ಇದೆ. ಕ್ರಿ. ಶ. ೧೩೦೦ರ ಸುಮಾರಿನಲ್ಲಿದ್ದ ರಟ್ಟಕವಿಯು ತನ್ನ ‘ರಟ್ಟಮತ’ದಲ್ಲಿ ಮಳೆ, ಸಿಡಿಲು, ಭೂಕಂಪ ಮುಂತಾದವುಗಳ ಲಕ್ಷಣಗಳನ್ನೂ ಫಲಗಳನ್ನೂ ಹೇಳಿರುವನು. ಆದರೆ ಲಕ್ಷಣ ನೋಡಿ ಫಲ ಹೇಳುವುದು ಒಂದು, ಬಿದ್ದ ಮಳೆಯನ್ನು ಅಳೆದು ಬರೆದಿಡುವುದು ಇನ್ನೊಂದು. ಅಳತೆಯ ಮಾತು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮಳೆಯನ್ನು ಅಳೆಯಲು ಒಂದು ಅರತ್ನಿ ಬಾಯಗಲದ ಪಾತ್ರೆಯನ್ನು ಉಗ್ರಾಣದಲ್ಲಿಡಬೇಕೆಂಬ ವಿಧಿಯಿದೆ. ಅವಂತಿಗೆ ಇಷ್ಟು, ಅಶ್ಮಕಕ್ಕೆ ಇಷ್ಟು ದ್ರೋಣ ಎಂದು ಪ್ರದೇಶಗಳ ಮಳೆಯನ್ನು ಎಣಿಸಿಯೂ ಇದೆ. ಉಗ್ರಾಣದಲ್ಲಿ ಎಂಬುದು ಅರ್ಥಗರ್ಭಿತವಾದ ಮಾತು. ಬಿದ್ದ ಮಳೆಯ ಲೆಕ್ಕವಿಲ್ಲದೆ ಬರಲಿರುವ ಧಾನ್ಯದ ಲೆಕ್ಕವಿಲ್ಲವೆಂಬುದನ್ನು ಆ ಆಡಳಿತಗಾರನು ಚೆನ್ನಾಗಿ ಅರಿತಿದ್ದನು.

ಬೇಸಗೆಯ ಮಳೆಯು ರಾಜ್ಯಗಳ ಹಣೆಬರಹವನ್ನೂ ಮುಟ್ಟಿದುದುಂಟು. ೧೭೯೧ರಲ್ಲಿ ಬೆಂಗಳೂರನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದನು. ಮೇ ೧೪ರ ರಾತ್ರಿ ಅರಕೆರೆಯಿಂದ ಹೊರಟು, ಟೀಪೂಸುಲ್ತಾನನ ಸೇನೆಯ ಮೇಲೆ ಕತ್ತಲಲ್ಲಿಯೇ ಬೀಳಬೇಕೆಂದು ಅವನು ಮಾಡಿದ್ದ ಸನ್ನಾಹವನ್ನು ಗುಡುಗು ಮಿಂಚುಗಳ ಒಂದು ದೊಡ್ಡ ಮಳೆ ಕೆಡಿಸಿತು. ಮರುದಿನದ ಕದನದಲ್ಲಿ ಮೇಲುಗೈಯಾದರೂ, ಸುರಿವ ಮಳೆಯಲ್ಲಿ ಎತ್ತುಗಳು ಸತ್ತು, ಧಾನ್ಯ ಮುಗಿದು, ಗೋಡೆಯೊಡೆಯುವ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ೧೭೯೯ರಲ್ಲಿ ಬಂದ ಸೇನೆಗಾದರೂ ಕಾವೇರಿ ತುಂಬುವುದರೊಳಗೆ ಕೋಟೆಯನ್ನು ಹಿಡಿಯಬೇಕೆಂಬ ಆತುರವಿತ್ತು. ಮೇ ೪ರಂದು ಕೋಟೆ ಬಿದ್ದಿತು, ಸುಲ್ತಾನನು ಮಡಿದನು. ಮರುದಿನ ಸಂಜೆ ಅವನನ್ನು ತಂದೆಯ ಪಕ್ಕದಲ್ಲಿ ಗುಂಬಜಿನಲ್ಲಿ ಮಣ್ಣುಮಾಡಿದ ದಿನವೇ ಭಯಂಕರವಾದ ಬಿರುಮಳೆ ಬಂದಿತೆಂದೂ, ಶಿಬಿರದಲ್ಲಿದ್ದವರು ಕೆಲವರು ಸಿಡಿಲಿಗೆ ಸಿಕ್ಕಿ ಸತ್ತರೆಂದೂ ಆ ಯುದ್ಧದ ಚರಿತ್ರಕಾರರು ಬರೆದಿರುವರು. ನೋಡಿದವರು ಅದನ್ನು ಆಕಾಶದ ಶೋಕವೆಂದು ಬಗೆದರೆ ಆಶ್ಚರ್ಯವಿಲ್ಲ. ಪಂಚಾಂಗದ ಲೆಕ್ಕದಲ್ಲಿ ಅದು ಕಾಲಕ್ಕೆ ಸರಿಯಾಗಿ ಬಂದ ಭರಣಿ ಮಳೆ.

ಇವೆಲ್ಲ ಕಂಡವರು ಬರೆದ ಸಂಗತಿಗಳು. ಅಳೆದವರು ಬರೆದ ಅಂಕಿಗಳಲ್ಲ. ಅಳೆದು ಬರೆಯುವ ಕೆಲಸ ದಕ್ಷಿಣದಲ್ಲಿ ಮೊದಲಿಗೆ ನೆಲೆಗೊಂಡುದು ೧೭೯೨ರಲ್ಲಿ ಕಟ್ಟಲಾದ ಮದರಾಸಿನ ವೇಧಶಾಲೆಯಲ್ಲಿ. ಇಡೀ ದೇಶಕ್ಕೆ ಒಂದು ಹವಾ ಇಲಾಖೆ ಬೇಕೆಂಬುದು ಸರ್ಕಾರಕ್ಕೆ ಮನವರಿಕೆಯಾಗಲು ದೊಡ್ಡ ಅನಾಹುತಗಳೇ ನಡೆಯಬೇಕಾಯಿತು. ೧೮೬೪ರಲ್ಲಿ ಚಂಡಮಾರುತವು ಕಲ್ಕತ್ತೆಯನ್ನು ಹಾಳುಗೆಡವಿತು. ೧೮೬೬, ೧೮೭೧ರಲ್ಲಿ ಮಳೆಗಳು ಕೈಕೊಟ್ಟುವು. ೧೮೭೫ರಲ್ಲಿ ಇಲಾಖೆ ಸ್ಥಾಪಿತವಾಗಿ ಹೆನ್ರಿ ಬ್ಲಾನ್‌ಫರ್ಡರು ಅದರ ಮೊದಲ ಮುಖ್ಯಾಧಿಕಾರಿಗಳಾದರು. ಅದಾದ ಮರುವರ್ಷವೇ ನಮ್ಮ ಸೀಮೆಯನ್ನು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಹಿಡಿಯಿತು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ೫೦ ಲಕ್ಷದ ೫೫ ಸಾವಿರ. ೧೮೮೧ರಲ್ಲಿ ೪೧ ಲಕ್ಷದ ೮೬ ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚಾಗಿ ಕುಗ್ಗಿತು. ಮಳೆಯ ಅಂಕಿಗಳನ್ನು ಒಣ ಲೆಕ್ಕವೆಂದು ಎಣಿಸುವವರು ಈ ಎರಡು ಸಂಖ್ಯೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ಒಮ್ಮೆ ನೋಡಬೇಕು.

ಬ್ಲಾನ್‌ಫರ್ಡರು ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ಸಂಬಂಧವನ್ನು ಪರೀಕ್ಷಿಸಿ ಮಳೆಗಾಲದ ಮುನ್ಸೂಚನೆಯನ್ನು ಕೊಡುವ ಪ್ರಯತ್ನವನ್ನು ಆರಂಭಿಸಿದರು. ೧೯೦೪ರಿಂದ ೧೯೨೪ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರರು ಲೋಕದ ನಾನಾ ಭಾಗಗಳ ಲೆಕ್ಕದ ಪುಸ್ತಕಗಳನ್ನು ಹೋಲಿಸಿ, ಪೆಸಿಫಿಕ್ ಮಹಾಸಾಗರದ ಮೇಲಣ ವಾಯುಭಾರವೂ ಹಿಂದೂ ಮಹಾಸಾಗರದ ಮೇಲಣ ವಾಯುಭಾರವೂ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಕಂಡುಹಿಡಿದರು. ಆ ತೂಗಾಟಕ್ಕೆ ಜೊತೆಯಾಗಿ ಪೂರ್ವ ಪೆಸಿಫಿಕಿನ ನೀರು ಬೆಚ್ಚಗಾಗುವುದನ್ನು ಈಗ ಎಲ್‌ನಿನೊ ಎನ್ನುವರು. ಧಾತು ಈಶ್ವರ ಕ್ಷಾಮದ ಕಾಲದಲ್ಲಿಯೂ, ೨೦೧೫–೧೬ರಲ್ಲಿಯೂ, ೨೦೨೩–೨೪ರಲ್ಲಿಯೂ ಎಲ್‌ನಿನೊ ಬಲವಾಗಿತ್ತು. ಮೈಸೂರು ಸಂಸ್ಥಾನವೂ ಹಿಂದುಳಿಯಲಿಲ್ಲ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ, ೧೮೯೦ರ ದಶಕದ ಆದಿಭಾಗದಲ್ಲಿ, ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೇಧಶಾಲೆಗಳು ಏರ್ಪಟ್ಟು, ಸೆಂಟ್ರಲ್ ಕಾಲೇಜಿನ ಜಾನ್ ಕುಕ್ಕರ ಮೇಲ್ವಿಚಾರಣೆಯಲ್ಲಿ ಸಂಸ್ಥಾನದ ಹವೆಯ ವರದಿಗಳು ಕ್ರಮವಾಗಿ ಹೊರಬರತೊಡಗಿದುವು. ಆಗುಂಬೆಯಂತಹ ೩೦೦ ಅಂಗುಲದ ಮಳೆಯ ಕಾಡೂ, ಚಳ್ಳಕೆರೆಯಂತಹ ೨೦ ಅಂಗುಲವೂ ಕಾಣದ ಬಯಲೂ ಒಂದೇ ನಾಡಿನಲ್ಲಿರುವಾಗ ಒಂದು ಊರಿನ ಅಳತೆ ಇನ್ನೊಂದಕ್ಕೆ ಸಾಲದು.

ಅಳೆಯುವ ಉಪಕರಣಗಳು ಬಹು ಸರಳವಾದುವು. ಉಷ್ಣಮಾಪಕವನ್ನು ಬಿಸಿಲಿನಲ್ಲಿಟ್ಟರೆ ಅದು ಗಾಳಿಯ ಉಷ್ಣತೆಯನ್ನಲ್ಲ, ತಾನು ಕಾದ ಉಷ್ಣತೆಯನ್ನು ತೋರಿಸುವುದು. ಆದುದರಿಂದ ಅದನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿಯ ಬಣ್ಣ ಬಳಿದ, ಗಾಳಿ ಆಡಲು ಪಟ್ಟಿಗಳ ಗೋಡೆಯುಳ್ಳ ಮರದ ಗೂಡಿನಲ್ಲಿಡುವರು. ಹಿಂದೆ ನಮ್ಮ ದೇಶದಲ್ಲಿ ಹುಲ್ಲು ಹೊದಿಸಿದ ಚಪ್ಪರದ ನೆರಳಿನಲ್ಲಿಡುತ್ತಿದ್ದುದೂ ಉಂಟು. ಮೊಬೈಲಿನಲ್ಲಿ ಕಾಣುವ ಅಂಕಿಯೂ, ಬಸ್ ನಿಲ್ದಾಣದ ಬಳಿಯ ಫಲಕವು ತೋರಿಸುವ ಅಂಕಿಯೂ, ವೇಧಶಾಲೆಯ ಅಂಕಿಯೂ ಹೊಂದದಿರುವುದಕ್ಕೆ ಈ ಗೂಡಿನ ಶಿಸ್ತು ಒಂದು ಮುಖ್ಯ ಕಾರಣ. ಮಳೆಮಾಪಕವೆಂದರೆ ನಾಳಿಕೆಯ ಮೂತಿಯುಳ್ಳ ಒಂದು ಪಾತ್ರೆ. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಅದರಲ್ಲಿ ನಿಂತ ನೀರನ್ನು ಅಳೆದು ಬರೆಯುವರು. ಒಂದು ಅಂಗುಲ ಮಳೆಯೆಂದರೆ ಒಂದು ಎಕರೆ ನೆಲದ ಮೇಲೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು ಸುರಿದಂತೆ.

ಈಗ ಪುಸ್ತಕವನ್ನು ತೆರೆಯೋಣ. ಬೆಂಗಳೂರಿನ ಅತ್ಯಂತ ಚಳಿಯ ಬೆಳಗು ೧೮೮೪ರ ಜನವರಿ ೧೩: ೭.೮ ಡಿಗ್ರಿ. ಬೇಸಗೆಯ ಕಡೆಗೆ ಬಂದರೆ, ೧೯೩೧ರ ಮೇ ೨೨ರಂದು ೩೮.೯ ಡಿಗ್ರಿ, ಅಂದಿನ ಫಾರನ್‌ಹೀಟ್ ಅಳತೆಯಲ್ಲಿ ಸರಿಯಾಗಿ ೧೦೨. ಎಂಬತ್ತೈದು ವರ್ಷಗಳ ಕಾಲ ಇದನ್ನು ಮೀರಿದ ದಿನ ಬರಲಿಲ್ಲ. ೨೦೧೬ರ ಏಪ್ರಿಲ್ ಕೊನೆಯ ವಾರದಲ್ಲಿ ೩೯.೨ ಡಿಗ್ರಿ ಮುಟ್ಟಿ ಹಳೆಯ ದಾಖಲೆ ಬಿದ್ದಿತು. ೨೦೨೪ರ ಏಪ್ರಿಲ್ ೨೮ರಂದು ೩೮.೫. ಆ ಏಪ್ರಿಲಿನಲ್ಲಿ ನಗರದ ವೇಧಶಾಲೆಯಲ್ಲಿ ಅಳತೆಗೆ ಸಿಕ್ಕುವ ಮಳೆ ಒಂದು ದಿನವೂ ಬೀಳಲಿಲ್ಲ. ೧೯೮೩ರಿಂದೀಚೆಗೆ ಹಾಗಾದುದು ಅದೇ ಮೊದಲು. ಇನ್ನು ಮಳೆಯ ಪುಟ. ೧೯೦೯ರ ಮೇ ೬ರ ಒಂದು ದಿನದ ಲೆಕ್ಕ ೧೫೩.೯ ಮಿಲಿಮೀಟರು, ಎಂದರೆ ಆರು ಅಂಗುಲ ಮೀರಿದ ಮಳೆ. ೨೦೦೧ರ ಏಪ್ರಿಲ್ ತಿಂಗಳೊಂದರಲ್ಲಿಯೇ ೩೨೩.೮. ಜೂನ್ ತಿಂಗಳಲ್ಲಿ ಒಂದು ದಿನದ ದಾಖಲೆ ೧೮೯೧ರ ಜೂನ್ ೧೬ರದು: ೧೦೧.೬ ಮಿಲಿಮೀಟರು. ಈ ವಿಚಿತ್ರವಾದ ಅಂಕಿಯನ್ನು ಅಂಗುಲಕ್ಕೆ ತಿರುಗಿಸಿದರೆ ಸರಿಯಾಗಿ ನಾಲ್ಕು ಬರುತ್ತದೆ. ಆ ಬೆಳಗ್ಗೆ ಅಳತೆಗಾಜನ್ನು ಹಿಡಿದು ನೋಡಿದವನು ಬರೆದದ್ದು ಅದೇ. ೧೩೩ ವರ್ಷ ನಿಂತ ಆ ನಾಲ್ಕು ಅಂಗುಲವನ್ನು ೨೦೨೪ರ ಜೂನ್ ೨ರ ೧೧೧.೧ ಮಿಲಿಮೀಟರು ಮೀರಿಸಿತು.

ಈ ಅಂಕಿಗಳನ್ನು ಓದಿ ಎರಡು ಬಗೆಯ ತಪ್ಪು ತೀರ್ಮಾನಗಳಿಗೆ ಬರುವವರುಂಟು. “ನಮ್ಮ ಅಜ್ಜಂದಿರ ಬೆಂಗಳೂರಿನಲ್ಲಿ ಬಿಸಿಲೇ ಇರಲಿಲ್ಲ” ಎನ್ನುವುದು ಮೊದಲನೆಯದು. ೧೯೩೧ರ ೧೦೨ ಡಿಗ್ರಿ ಅದನ್ನು ಸುಳ್ಳುಮಾಡುತ್ತದೆ. “ಎಲ್ಲವೂ ಹಿಂದೆಯೂ ಹೀಗೆಯೇ ಇತ್ತು, ಭಯಪಡಬೇಕಾದುದಿಲ್ಲ” ಎನ್ನುವುದು ಎರಡನೆಯದು. ಇದಕ್ಕೆ ಉತ್ತರ ದಾಖಲೆಗಳು ಬೀಳುತ್ತಿರುವ ವೇಗದಲ್ಲಿದೆ. ಮೇ ತಿಂಗಳ ಒಟ್ಟು ಮಳೆಯ ದಾಖಲೆ ೨೦೨೩ರಲ್ಲಿ ೩೦೫.೪ ಮಿಲಿಮೀಟರಿಗೆ ಏರಿತು. ಎರಡೇ ವರ್ಷಗಳ ಮೇಲೆ, ಮುಂಗಾರು ಮೇ ೨೪ಕ್ಕೇ ಕೇರಳವನ್ನು ಮುಟ್ಟಿದ ೨೦೨೫ರಲ್ಲಿ, ಅದೂ ಹಿಂದೆ ಬಿದ್ದು ೩೦೭.೯ ಆಯಿತು. ಬಿಸಿಲಿನ ದಾಖಲೆಯೂ ಮಳೆಯ ದಾಖಲೆಯೂ ಒಂದೇ ಕಾಲದಲ್ಲಿ ಏರುವುದರಲ್ಲಿ ವಿರೋಧವೇನೂ ಇಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ಆವಿ ನೂರಕ್ಕೆ ಏಳರಷ್ಟು ಹೆಚ್ಚುವುದು. ಲೋಕದ ಸರಾಸರಿ ಉಷ್ಣತೆ ಕಳೆದ ಒಂದೂವರೆ ಶತಮಾನದಲ್ಲಿ ಒಂದು ಡಿಗ್ರಿಗೂ ಹೆಚ್ಚಾಗಿ ಏರಿದೆ. ಅದರ ಮೇಲೆ ನಗರದ ಪಾಲು ಬೇರೆ: ಕೆರೆಯಿದ್ದೆಡೆ ಕಟ್ಟಡ, ಮರವಿದ್ದೆಡೆ ಡಾಂಬರು. ಇವು ಹಗಲಿನ ಶಾಖವನ್ನು ಹೀರಿ ರಾತ್ರಿ ಮರಳಿ ಬಿಡುವುದರಿಂದ, ಹಿಂದೆ ಬೆಂಗಳೂರಿಗೆ ಕೀರ್ತಿ ತಂದಿದ್ದ ಬೇಸಗೆಯ ತಂಪು ರಾತ್ರಿ ದುರ್ಲಭವಾಗುತ್ತಿದೆ.

ಈ ಪುಸ್ತಕದಿಂದ ಪ್ರಯೋಜನವೇನೆಂದರೆ, ನಾವು ಕಟ್ಟುವುದೆಲ್ಲವೂ ಇದರ ಮೇಲೆಯೇ ನಿಂತಿದೆ. ರಾಜಕಾಲುವೆ ಎಷ್ಟು ಅಗಲವಿರಬೇಕು, ಸೇತುವೆಯ ಕಮಾನು ಎಷ್ಟು ಎತ್ತರವಿರಬೇಕು, ಕೆರೆಯ ಕೋಡಿ ಎಷ್ಟು ನೀರನ್ನು ಬಿಡಬೇಕು ಎಂಬುದನ್ನು ಎಂಜಿನಿಯರನು ಹಿಂದಿನ ಮಳೆಯ ಲೆಕ್ಕದಿಂದಲೇ ತಿಳಿಯಬೇಕು. ೧೯೦೯ರಲ್ಲಿ ಒಂದೇ ದಿನ ಆರು ಅಂಗುಲ ಬಿದ್ದುದು ಬರಹದಲ್ಲಿರುವಾಗ, ಅಂಥ ಮ‍ಳೆಯನ್ನು ನಾವು ನಿರೀಕ್ಷಿಸಿರಲಿಲ್ಲವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ೨೦೨೩ರಲ್ಲಿ ಮಳೆ ತಪ್ಪಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷದ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದುವು, ಬಡಾವಣೆಗಳು ಕೊಡ ನೀರಿಗಾಗಿ ಟ್ಯಾಂಕರಿನ ದಾರಿ ಕಾದುವು. ಆದರೂ ಧಾತು ಈಶ್ವರದ ಕಾಲದಂತೆ ಜನ ಸಾಯಲಿಲ್ಲ. ಧಾನ್ಯವನ್ನು ಸಾಗಿಸುವ ಏರ್ಪಾಡು, ಬರವನ್ನು ಮೊದಲೇ ಗುರುತಿಸುವ ಏರ್ಪಾಡು ಎರಡೂ ಇದ್ದುದೇ ಕಾರಣ. ೧೯೮೮ರಲ್ಲಿ ಬರವನ್ನು ಗಮನಿಸುವುದಕ್ಕೆಂದು ರಾಜ್ಯದಲ್ಲಿ ಆರಂಭವಾದ ಘಟಕವು ಇಂದು ದೊಡ್ಡ ಕೇಂದ್ರವಾಗಿ, ಗ್ರಾಮಪಂಚಾಯತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇರಿಸಿದೆ. ಅವು ತಾವೇ ಅಳೆದು ತಾವೇ ಸುದ್ದಿ ಕಳುಹಿಸುತ್ತವೆ.

ಸಿಡಿಲಿನ ವಿಚಾರವಾಗಿಯೂ ಒಂದು ಮಾತು. ಬೇಸಗೆಯ ಮಳೆಯಲ್ಲಿ ಪ್ರತಿವರ್ಷವೂ ಹೊಲದಲ್ಲಿ ಕೆಲಸಮಾಡುವವರೂ ದನಕಾಯುವ ಹುಡುಗರೂ ಸಿಡಿಲಿಗೆ ಬಲಿಯಾಗುತ್ತಿರುವರು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ದೂರವೆಂದು ತಿಳಿಯಿರಿ. ಎಣಿಕೆ ಮೂವತ್ತರೊಳಗಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಮುಂದಿನದು ನಿಮ್ಮ ಮೇಲೆಯೇ ಬೀಳಬಹುದು. ಆಗ ಒಂಟಿ ಮರದ ಕೆಳಗೆ ನಿಲ್ಲುವುದಕ್ಕಿಂತ ದೊಡ್ಡ ಅವಿವೇಕವಿಲ್ಲ. ಗಟ್ಟಿಯಾದ ಕಟ್ಟಡದೊಳಗೊ ಮುಚ್ಚಿದ ವಾಹನದೊಳಗೊ ಸೇರಿ, ಕೊನೆಯ ಗುಡುಗು ಕೇಳಿ ಅರ್ಧಗಂಟೆ ಕಳೆಯುವವರೆಗೆ ಅಲ್ಲಿಯೇ ಇರಬೇಕು. ಪಟ್ಟಣದಲ್ಲಿರುವ ನಾವು ಇದನ್ನು ಹಳ್ಳಿಯಲ್ಲಿರುವ ನಮ್ಮ ಬಂಧುಗಳಿಗೆ ತಿಳಿಸಿದರೆ ಒಂದು ಪ್ರಾಣವಾದರೂ ಉಳಿದೀತು.

ಕೊನೆಯದಾಗಿ ಶ್ರೋತೃಗಳಲ್ಲಿ ಒಂದು ಬಿನ್ನಹ. ಮನೆಯಂಗಳದಲ್ಲಿಯೊ ಮಾಳಿಗೆಯ ಮೇಲೆಯೊ ಒಂದು ಮಳೆಮಾಪಕವನ್ನಿಡುವುದು ಕಷ್ಟವಲ್ಲ. ನೆಟ್ಟಗಿನ ಬದಿಯುಳ್ಳ ಪಾತ್ರೆಯೊಂದು, ಅಳತೆಯ ಪಟ್ಟಿಯೊಂದು, ಪುಸ್ತಕವೊಂದು ಇದ್ದರೆ ಸಾಕು; ಮರ ಗೋಡೆಗಳಿಂದ ತಕ್ಕಷ್ಟು ದೂರವಿರಬೇಕು, ದಿನವೂ ಒಂದೇ ಹೊತ್ತಿಗೆ ನೋಡಬೇಕು. ಮನೆಯಲ್ಲಿ ಹಿರಿಯರ ಹಳೆಯ ದಿನಚರಿಗಳಿದ್ದರೆ, ಅವುಗಳಲ್ಲಿ ಮಳೆ ಬಂದ ದಿನಗಳನ್ನು ಗುರುತುಮಾಡಿದ್ದರೆ, ಅವನ್ನು ರದ್ದಿಗೆ ಹಾಕಬೇಡಿ. ಮತ್ತು ಬರೆಯುವಾಗ ಮಳೆ ಬಾರದ ದಿನವನ್ನೂ ಬಿಡದೆ ಬರೆಯಿರಿ. ಪುಟದಲ್ಲಿ ಏನೂ ಬರೆಯದೆ ಬಿಟ್ಟರೆ, ಆ ದಿನ ಮಳೆ ಬರಲಿಲ್ಲವೊ ನೋಡುವವನೇ ಬರಲಿಲ್ಲವೊ ಎಂಬುದು ಮುಂದಿನವರಿಗೆ ತಿಳಿಯದು. ಸೊನ್ನೆಯನ್ನು ಬರೆದರೆ ಒಬ್ಬನು ಹೋಗಿ ನೋಡಿದನೆಂಬುದಕ್ಕೆ ಅದೇ ಸಾಕ್ಷಿ. ೨೦೨೪ರ ಏಪ್ರಿಲಿನಲ್ಲಿ ಬೆಂಗಳೂರಿನ ಪುಸ್ತಕಕ್ಕೆ ಮಳೆಯ ಒಂದು ಅಂಕಿಯೂ ಸೇರಲಿಲ್ಲ. ಆದರೂ ಮೂವತ್ತು ದಿನವೂ ಎಂಟೂವರೆಗೆ ಯಾರೋ ಒಬ್ಬರು ಬರಿದಾದ ಪಾತ್ರೆಯನ್ನು ಪರೀಕ್ಷಿಸಿ, ಇಲ್ಲವೆಂದು ಬರೆದು ಹೋಗಿರುವರು. ಅವರು ಹಾಗೆ ಬರೆದುದರಿಂದಲೇ ಆ ಬೇಸಗೆಯು ಎಂಥದಾಗಿತ್ತೆಂಬುದನ್ನು ನೂರು ವರ್ಷದ ಮೇಲೆ ಬರುವವರು ನಮ್ಮ ನೆನಪನ್ನು ನಂಬದೆಯೇ ತಿಳಿಯಬಲ್ಲರು.